ಪುಟ್ಟೀ, ಮುಗಿಸಿದ ವಾರವೇ ಕಳಿಸ್ಬೇಡ

ಪುಟ್ಟೀ, ನನಗೆ ಟೈಪ್ ಮಾಡೋಕೆ ಬೆರಳು ಬಗ್ಗಲ್ಲ, ಅದಕ್ಕೆ ಮಾತಾಡ್ತಾ ಇದೀನಿ. ಉದ್ದ ಆಯ್ತು ಅಂತ ಗ್ರೂಪಲ್ಲಿ ಯಾರೂ ಬೈಕೋಬೇಡಿ. ಬೆಳಿಗ್ಗೆ ನೀನು ಹಾಕಿದ್ದೆಯಲ್ಲ, "ಅತ್ತೆ, ಕಾದಂಬರಿ ಮೊದಲ ಡ್ರಾಫ್ಟ್ ನಿನ್ನೆ ಮುಗೀತು, ಸ್ಪರ್ಧೆಗೆ ಇನ್ನು 12 ದಿನ ಇದೆ, ಹಾಗೇ ಕಳಿಸ್ಲಾ, ತಡ ಮಾಡಿದ್ರೆ ಕೆಡುತ್ತಾ" ಅಂತ. ಕೆಡೋಕೆ ಅದೇನು ದೋಸೆ ಹಿಟ್ಟೇನೇ?

ನನ್ನ ಬೆಳದಿಂಗಳ ಕಥೆ ನಮ್ಮನೇಲಿ ಎಲ್ಲರಿಗೂ ಗೊತ್ತು, ಆದ್ರೂ ಇನ್ನೊಂದ್ಸಲ ಕೇಳು. ನಾನೂ ನನ್ನ ಕಾದಂಬರೀನ ಮುಗಿಸಿದ ವಾರವೇ ಕಳಿಸಿದ್ದೆ. ಎರಡು ತಿಂಗಳಿಗೆ ವಾಪಸ್ ಬಂತು. ಮೂರನೇ ಅಧ್ಯಾಯದಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಪೆನ್ಸಿಲ್ ಗೆರೆ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಅಮಾವಾಸ್ಯೆಗೆ ಯಾವ ಚಂದ್ರ?" ಅಂತ. ದೀಪಾವಳಿ ರಾತ್ರಿ ಹುಡುಗ ಹುಡುಗಿನ ತಾರಸಿ ಮೇಲೆ ಬೆಳದಿಂಗಳಲ್ಲಿ ಕೂರಿಸಿದ್ದೆ ಕಣೇ! ಆ ಗೆರೆಯಿಂದ ಮುಂದೆ ಒಂದು ಪುಟದಲ್ಲೂ ಪೆನ್ಸಿಲ್ ಗುರುತಿಲ್ಲ. ಅಲ್ಲಿಗೇ ಓದೋದು ನಿಲ್ಲಿಸಿದಾರೆ.

ಹಾಗಾಗೋದು ದಡ್ಡತನಕ್ಕಲ್ಲ. ವರ್ಷಗಟ್ಟಲೆ ಬರೀತೀವಿ, ಮೂರನೇ ಅಧ್ಯಾಯ ಬರೆದವಳಿಗೂ ಇಪ್ಪತ್ತನೇದು ಬರೆದವಳಿಗೂ ಪರಿಚಯವೇ ಇರಲ್ಲ. ಮುಗಿದ ತಕ್ಷಣ ಓದಿದ್ರೆ ಕಣ್ಣು ಹಾಳೆ ಮೇಲಿರೋದನ್ನ ನೋಡಲ್ಲ, ತಲೇಲಿರೋದನ್ನೇ ಓದ್ಕೊಂಡು ಹೋಗುತ್ತೆ. ಅದಕ್ಕೇ ಒಂದು ಆರು ವಾರ ಮುಟ್ಟಬೇಡ. ಆಮೇಲೆ 14 ಪಾಯಿಂಟಲ್ಲಿ, ಒಂದೇ ಬದಿಗೆ ಪ್ರಿಂಟ್ ತೆಗೆಸಿ, ಪಂಚಾಂಗ ಪಕ್ಕದಲ್ಲಿಟ್ಕೊಂಡು ಕೂತ್ಕೋ. ಅಧ್ಯಾಯಕ್ಕೊಂದು ಸಾಲು: ಯಾವ ತಿಂಗಳು, ಯಾವ ತಿಥಿ, ಯಾರ ವಯಸ್ಸೆಷ್ಟು, ಯಾರು ಬದುಕಿದಾರೆ. ಕಾರ್ತೀಕದಲ್ಲಿ ಯಾರಾದ್ರೂ ಮಾವಿನಹಣ್ಣು ತಿಂತಿದ್ರೆ ಆಗ ಸಿಕ್ಕಿಬೀಳ್ತಾರೆ. ಮೊದಲನೇ ಸಲ ಕಥೆ ಮಾತ್ರ ನೋಡು, ಕಾಗುಣಿತಕ್ಕೆ ಕೈ ಹಾಕ್ಬೇಡ. ಆಮೇಲೆ ಕಿತ್ತೆಸೆಯೋ ಅಧ್ಯಾಯಕ್ಕೆ ಎರಡು ದಿನ ಒತ್ತಕ್ಷರ ತಿದ್ದಿ ಏನು ಬಂತು?

ಎರಡನೇ ಸಲ ಪಾತ್ರಗಳ ಮಾತುಗಳನ್ನ ಗಟ್ಟಿಯಾಗಿ ಓದು. ನಿನ್ನ ಕಾದಂಬರಿ ಅಜ್ಜಿ ಧಾರವಾಡದೋರು ಅಂದ್ಯಲ್ಲ, ಶುರೂನಲ್ಲಿ "ಹೊಕ್ಕೇನಿ" ಅನ್ನೋರು ಹನ್ನೆರಡನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ "ಹೋಗ್ತೀನಿ" ಅಂತ ಮೈಸೂರಿನೋರಾಗಿಬಿಟ್ಟಿರ್ತಾರೆ.

ಇನ್ನೊಂದು, ಹೆಸರು ಬದಲಾಯಿಸೋದು. ಗೌರಿ ಬೇಡ, ಸುಮ ಅಂತ ಇಡ್ತೀನಿ ಅಂದ್ಕೊಂಡು ಒಂದೇ ಏಟಿಗೆ ರಿಪ್ಲೇಸ್ ಒತ್ತಬೇಡಮ್ಮ. "ಗೌರಿಯನ್ನು" ಅನ್ನೋದು "ಸುಮಯನ್ನು" ಆಗುತ್ತೆ, "ಗೌರಿಗೆ" ಅನ್ನೋದು "ಸುಮಗೆ", ಗೌರಿ ಹಬ್ಬ ಹೋಗಿ ಸುಮ ಹಬ್ಬ! ಇಂಗ್ಲಿಷಲ್ಲಿ ನಡೆಯುತ್ತೆ, ನಮ್ಮದು ವಿಭಕ್ತಿ ಅಂಟಿಕೊಂಡಿರೋ ಭಾಷೆ. ಒಂದೊಂದೇ ನೋಡಿ ಬದಲಾಯಿಸ್ಬೇಕು.

ಮುಗಿಸಿದ ವಾರವೇ ಕಳಿಸ್ಬೇಡ ಪುಟ್ಟೀ, ಇನ್ನೊಂದ್ಸಲ ಹೇಳ್ತಿದೀನಿ. ವಾಪಸ್ ಬಂದ ನನ್ನ ಕಾದಂಬರೀನ ನಾನು ತಿದ್ದಿ ಅಚ್ಚು ಹಾಕಿಸಿದಾಗ, ಈ ಗ್ರೂಪಲ್ಲಿರೋ ಎಷ್ಟು ಜನ ದುಡ್ಡು ಕೊಟ್ಟು ತಗೊಂಡ್ರಿ ಹೇಳಿ? ಲೇಖಕರಿಗೆ ಅಂತ ಕೊಟ್ಟಿದ್ದು 25 ಪ್ರತಿ. ಎಲ್ಲಾ "ಒಂದು ಕಾಪಿ ಕೊಡೇ, ಓದ್ತೀನಿ" ಅನ್ನೋರ ಪಾಲು. ತಿಪಟೂರು ಭಾವನ ಮನೇಲಿ ನನ್ನ ಪುಸ್ತಕ ಟಿವಿ ಸ್ಟ್ಯಾಂಡಿನ ಕಾಲಿಗೆ ಆನಿಕೆಯಾಗಿದ್ದನ್ನ ಕಣ್ಣಾರೆ ನೋಡಿದೀನಿ. ಭಾವ ಈ ಮೆಸೇಜ್ ಕೇಳಲಿ, ಕೇಳಬೇಕು ಅಂತಲೇ ಹೇಳ್ತಿರೋದು. ಸೀರೆಗೆ ಐದು ಸಾವಿರ ಕೊಡೋರಿಗೆ ಇನ್ನೂರು ರೂಪಾಯಿ ಪುಸ್ತಕ ಭಾರ.

ಏನ್ ಹೇಳೋಕೆ ಬಂದೆ... ಹಾಂ, ಸ್ಪರ್ಧೆ. ಈ ಸಲ ಬಿಟ್ಟುಬಿಡು. ಮುಂದಿನ ಸ್ಪರ್ಧೆ ತನಕ ಅಧ್ಯಾಯಗಳನ್ನ ಫೇಸ್‌ಬುಕ್ಕಲ್ಲಿ ಹಾಕ್ತಾ ಕೂರಬೇಡ, ಸ್ಪರ್ಧೆಗಳು ಸಾಮಾನ್ಯವಾಗಿ ಅಪ್ರಕಟಿತ ಅಂತ ಕೇಳ್ತಾರೆ. ಹಸ್ತಪ್ರತಿ ಒಳಗೆ ನಿನ್ನ ಹೆಸರು ಬೇಡ ಅಂತಿದ್ರೆ ಹೆಡರಲ್ಲೂ ತೆಗಿ. ಪ್ರಕಾಶಕರಿಗೆ ಕಳಿಸೋದಾದ್ರೆ ಮೊದಲು ಫೋನ್ ಮಾಡಿ ಫೈಲು ಯಾವುದರಲ್ಲಿ ಬೇಕು, ಫೋನಲ್ಲೂ ಕಾಣೋ ಯೂನಿಕೋಡಲ್ಲೋ ಹಳೇ ನುಡಿ ಫಾಂಟಲ್ಲೋ ಅಂತ ಕೇಳು. ನುಡಿಯಿಂದ ಯೂನಿಕೋಡಿಗೆ ಪರಿವರ್ತನೆ ಮಾಡಿದ್ರೆ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆಲ್ಲ ಕನ್ನಡದ ಕಲಸುಮೇಲೋಗರ ಆಗುತ್ತೆ, ಅರ್ಕಾವತ್ತನ್ನೂ ಒಂದ್ಸಲ ನೋಡ್ಕೋಬೇಕು. 58 ಸಾವಿರ ಪದ ಅಂದೆ, ಡೆಮಿ ಸೈಜಲ್ಲಿ, ಅಂದ್ರೆ ಸಾಮಾನ್ಯ ಕಾದಂಬರಿ ಅಳತೇಲಿ, ಪುಟಕ್ಕೆ 220 ಹಿಡಿದ್ರೆ 264 ಪುಟ. ಪುಸ್ತಕ ಅಚ್ಚಾಗೋದು 16 ಪುಟದ ಕಟ್ಟುಗಳಾಗಿ, ಅದಕ್ಕೆ ಫಾರಂ ಅಂತಾರೆ. ಎಂಟು ಪುಟ ಕಡಿದ್ರೆ ಸರಿಯಾಗಿ ಹದಿನಾರು ಫಾರಂಗೆ ಕೂರುತ್ತೆ, ಅವರಿಗೂ ಕಾಗದ ಉಳಿಯುತ್ತೆ. ಜೊತೆಗೆ ಒಂದೂವರೆ ಪುಟ ಸಾರಾಂಶ, ಕೊನೆಗೆ ಏನಾಗುತ್ತೆ ಅನ್ನೋದನ್ನೂ ಸೇರಿಸಿ. ಕುತೂಹಲ ಓದುಗರಿಗೆ ಇರಲಿ, ಪ್ರಕಾಶಕರಿಗೆ ಬೇಡ.

ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ನನಗೆ ತೋರಿಸು. ಹಕ್ಕು ಎಷ್ಟು ವರ್ಷಕ್ಕೆ ಕೊಡ್ತಿದೀಯ ಅಂತ ಬರೆದಿಲ್ದಿದ್ರೆ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಐದು ವರ್ಷ ಅಂತ ಲೆಕ್ಕ, ಆದ್ರೆ "ಶಾಶ್ವತವಾಗಿ" ಅಂತ ಒಂದು ಪದ ಎಲ್ಲೋ ಮೂಲೇಲಿ ಕೂತಿರುತ್ತೆ. ಫೈಲನ್ನ ಈಗ್ಲೇ ನಿನಗೇ ಒಂದು ಮೇಲ್ ಮಾಡ್ಕೊಂಡಿಟ್ಕೋ. ಭಾವ, ಟಿವಿ ಸ್ಟ್ಯಾಂಡ್ ರಿಪೇರಿ ಆಗಿದ್ರೆ ಆ ಪ್ರತಿ ಪುಟ್ಟಿಗೆ ಕೊರಿಯರ್ ಮಾಡಿ.