ಗುಳಿ, ಮಜಲು, ವಾಟ: ಬೆಟ್ಟದ ಗಾಲ್ಫ್ ಬಗ್ಗೆ ಕೆಲವು ಪದ ಬೇಕಿವೆ

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಅತ್ತಿಗೆಯ ಹೋಂಸ್ಟೇಗೆ ಈಚೆಗೆ ಗಾಲ್ಫ್ ಆಡುವವರು ಜಾಸ್ತಿ ಬರುತ್ತಿದ್ದಾರೆ. ಮುಳ್ಳಯ್ಯನಗಿರಿ ಹತ್ತುವುದು, ಕಾಫಿ ತೋಟ ಸುತ್ತುವುದು, ಜೊತೆಗೆ ಒಂದು ಬೆಳಗ್ಗೆ ಬೆಟ್ಟ ನೋಡುತ್ತಾ ಗಾಲ್ಫ್. ಇಂಥವರ ಕೈಗೆ ಕೊಡಲು ಎರಡು ಪುಟದ ಕನ್ನಡ ಕೈಪಿಡಿ ಬರೆದುಕೊಡು ಅಂತ ಅತ್ತಿಗೆ ಹೇಳಿದರು. "ಬರೋರು ಹುಬ್ಬಳ್ಳಿ, ಮೈಸೂರು, ಬೆಂಗಳೂರಿನವರು. ಮಾತೆಲ್ಲ ಕನ್ನಡದಲ್ಲೇ ಆಡ್ತಾರೆ. ಕಾಗದ ಮಾತ್ರ ಯಾಕೆ ಇಂಗ್ಲಿಷಿನಲ್ಲಿ ಇರಬೇಕು?" ಅನ್ನುವುದು ಅವರ ವಾದ. ಅದಕ್ಕೆ ಎದುರು ಮಾತಿಲ್ಲ. ಬರೆಯಲು ಕೂತಾಗ ಕೆಲವು ಪದಗಳು ಸಿಕ್ಕಿಹಾಕಿಕೊಂಡಿವೆ. ನಿಮ್ಮ ಸಲಹೆ ಬೇಕು.

ಮೊದಲೇ ಹೇಳಿಬಿಡುತ್ತೇನೆ, ಎಲ್ಲವನ್ನೂ ಕನ್ನಡಿಸುವ ಹಟ ನನಗಿಲ್ಲ. ಕ್ಲಬ್, ಕ್ಯಾಡಿ, ಪಾರ್, ಬರ್ಡಿ, ಬೋಗಿ ಇವೆಲ್ಲ ಹಾಗೇ ಇರಲಿ. ಕ್ರಿಕೆಟಿನಲ್ಲಿ ವಿಕೆಟ್ಟು, ಓವರು ಅಂತ ನಾವು ಯಾರ ಅಪ್ಪಣೆಯನ್ನೂ ಕೇಳದೆ ಬಳಸುತ್ತೇವಲ್ಲ. ನನ್ನ ತೊಡಕಿರುವುದು ನೆಲಕ್ಕೆ ಸಂಬಂಧಿಸಿದ ಮಾತುಗಳಲ್ಲಿ. ಹಳ್ಳ, ದಿಣ್ಣೆ, ಏರು, ಹುಲ್ಲು ಇವಕ್ಕೆ ಮಲೆನಾಡಿನಲ್ಲಿ ಪದಗಳಿಗೆ ಬರವೇ? ಹಾಗಿದ್ದೂ ಅಂತರ್ಜಾಲದಲ್ಲಿ ಸಿಗುವ ಕನ್ನಡ ನೋಡಿದರೆ ನಗು ಬರುತ್ತದೆ. "18 ರಂಧ್ರಗಳ ಗಾಲ್ಫ್ ಮೈದಾನ" ಅಂತ ಬರೆದಿರುತ್ತಾರೆ. ರಂಧ್ರ ಅಂದಕೂಡಲೇ ನನಗೆ ಮೂಗು ನೆನಪಾಗುತ್ತದೆ.

ಹಾಗಾದರೆ ಏನನ್ನಬೇಕು? ತೂತು ಅಂದರೆ ಈ ಕಡೆಯಿಂದ ಆ ಕಡೆಗೆ ಹಾಯುವಂಥದ್ದು. ಗುಂಡಿ ಅಂದರೆ ಅಗೆದದ್ದು, ಸ್ವಲ್ಪ ದೊಡ್ಡದು. ಗಾಲ್ಫಿನದು 108 ಮಿಲಿಮೀಟರ್ ಅಗಲದ ಚಿಕ್ಕ ಕುಳಿ. ಅದರೊಳಗೆ ಬೀಳಬೇಕಾದ ಚೆಂಡು 43 ಮಿಲಿಮೀಟರಿನ ಆಸುಪಾಸು. ನನ್ನ ಆಯ್ಕೆ "ಗುಳಿ". ಗೋಲಿ ಆಡುವ ಮಕ್ಕಳು ಮಣ್ಣಿನಲ್ಲಿ ತೋಡುವುದು ಗುಳಿ. ಅಳಗುಳಿಮಣೆಯಲ್ಲಿ ಸಾಲಿಗೆ 7ರಂತೆ ಇರುವ 14 ಗುಳಿಗಳನ್ನು ನಮ್ಮ ಅಜ್ಜಿಯರು ಹುಣಸೆಬೀಜ ಹಾಕಿ ಆಡಿದ್ದಾರೆ. ಅಂದರೆ ಆಟದ ಕಾಯಿ ಹೋಗಿ ಬೀಳುವ ಜಾಗಕ್ಕೆ ಈ ಪದ ಆಗಲೇ ಬಳಕೆಯಲ್ಲಿದೆ. ಕೆಲವರು "ಕುಳಿ" ಅನ್ನಬಹುದು, ಅದಕ್ಕೂ ನನ್ನ ತಕರಾರಿಲ್ಲ. ಒಂದೇ ಒಂದು ಕಿರಿಕಿರಿ ಏನೆಂದರೆ ಗಾಲ್ಫ್ ಚೆಂಡಿನ ಮೈತುಂಬ ಇರುವ ಪುಟ್ಟ ಪುಟ್ಟ ತಗ್ಗುಗಳಿಗೂ ಗುಳಿ ಅನ್ನಬೇಕೆನಿಸುತ್ತದೆ, ಕೆನ್ನೆಯಲ್ಲಿ ಗುಳಿ ಬೀಳುತ್ತೆ ಅನ್ನುವ ಹಾಗೆ. ಎರಡು ಪುಟದ ಕೈಪಿಡಿಯಲ್ಲಿ ಅದರ ಪ್ರಸ್ತಾಪವೇ ಬರುವುದಿಲ್ಲ, ಬಿಡಿ.

ಆದರೆ ಇಂಗ್ಲಿಷಿನಲ್ಲಿ ಹೋಲ್ ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಚೆಂಡು ಬೀಳುವ ಗುಳಿಯೂ ಹೋಲ್. ಮೊದಲ ಹೊಡೆತದ ಜಾಗದಿಂದ ಆ ಗುಳಿಯವರೆಗಿನ ಮುನ್ನೂರು ನಾನೂರು ಗಜದ ಇಡೀ ಹಾದಿಯೂ ಹೋಲ್. "ಏಳನೇ ಹೋಲ್ ತುಂಬಾ ಚಂದ, ಎಡಗಡೆ ಪೂರ್ತಿ ಬೆಟ್ಟ ಕಾಣುತ್ತೆ" ಅಂದರೆ ಯಾರೂ ಗುಳಿಯ ಚಂದ ಹೇಳುತ್ತಿಲ್ಲ. ಇದನ್ನು "ಏಳನೇ ಗುಳಿ ತುಂಬಾ ಚಂದ" ಅಂತ ಬರೆದರೆ ಓದುವವನು ಬಗ್ಗಿ ನೋಡುತ್ತಾನೆ ಅಷ್ಟೆ.

ಈ ಎರಡು ಅರ್ಥ ಬೇರೆ ಬೇರೆ ಅನ್ನುವುದಕ್ಕೆ ಹಳೆಯ ಪುರಾವೆಯೂ ಇದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತಿಗೆ 18 ಅನ್ನುವ ಲೆಕ್ಕ ಶುರುವಾಗಿದ್ದು 1764ರಲ್ಲಿ. ಅದಕ್ಕೆ ಮೊದಲು ಅಲ್ಲಿ ಲೆಕ್ಕ 22 ಇತ್ತು. ಶುರುವಿನ ನಾಲ್ಕನ್ನು ಸೇರಿಸಿ ಎರಡು ಮಾಡಿದರು. ವಾಪಸ್ ಬರುವಾಗಲೂ ಅದೇ ಹಾದಿಯಾದ್ದರಿಂದ ಒಟ್ಟು ಲೆಕ್ಕದಲ್ಲಿ ನಾಲ್ಕು ಕಡಿಮೆಯಾಯಿತು. ಆಗ ನೆಲದ ಮೇಲೆ ಇದ್ದದ್ದು 10 ಗುಳಿ ಮಾತ್ರ. ಅದರಲ್ಲಿ 8ನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಆಡುತ್ತಿದ್ದರು. ಹೀಗೆ 10 ಗುಳಿಯಲ್ಲಿ 18 ಆಯಿತು. ಹಾಗಾದರೆ ಆ 18 ಏನು? ಗುಳಿ ಅಂತೂ ಅಲ್ಲ.

ಅದಕ್ಕೆ ನನಗೆ ಹೊಳೆದ ಪದ "ಮಜಲು". ನಡೆದು ಹೋಗುವ ದಾರಿಯಲ್ಲಿ ಒಂದು ತಂಗುವ ಜಾಗದಿಂದ ಇನ್ನೊಂದರವರೆಗಿನ ದೂರ. "18 ಮಜಲಿನ ಮೈದಾನ", "ಏಳನೇ ಮಜಲಿನಲ್ಲಿ ಬೆಟ್ಟ ಕಾಣುತ್ತೆ", "ಒಂಬತ್ತು ಮಜಲು ಮುಗಿಸಿ ಕಾಫಿ ಕುಡಿದೆವು". ಬಾಯಿಗೆ ಚೆನ್ನಾಗಿ ಬರುತ್ತದೆ, ಅಲ್ವಾ? ಕರಾವಳಿಯವರು ಒಪ್ಪುತ್ತಾರೋ ಇಲ್ಲವೋ ಅನ್ನುವ ಅನುಮಾನವಿದೆ. ಅಲ್ಲಿ ಬೆಟ್ಟು, ಮಜಲು, ಬೈಲು ಅಂತ ಗದ್ದೆಗಳನ್ನು ವಿಂಗಡಿಸುತ್ತಾರೆ. ಮಜಲು ಅಂದರೆ ತೀರಾ ಎತ್ತರವೂ ಅಲ್ಲದ, ತೀರಾ ತಗ್ಗೂ ಅಲ್ಲದ ನಡುವಿನ ಗದ್ದೆ. "ಏಳನೇ ಮಜಲು" ಅಂದರೆ ಅವರಿಗೆ ಭತ್ತದ ಗದ್ದೆ ಕಣ್ಣಿಗೆ ಬಂದರೆ ಕಷ್ಟ. ಮಂಗಳೂರು, ಉಡುಪಿಯ ಗೆಳೆಯರು ದಯವಿಟ್ಟು ಹೇಳಿ.

ಎರಡನೆಯ ಪ್ರಶ್ನೆ ಇಳಿಜಾರಿನದು. ಬೆಟ್ಟದ ಮೈದಾನದಲ್ಲಿ ಆಟವನ್ನು ಕೆಡಿಸುವುದೂ ಇದೇ, ಚಂದ ಮಾಡುವುದೂ ಇದೇ. ಗುಳಿಯ ಸುತ್ತ ಹುಲ್ಲನ್ನು ತೀರಾ ಸಣ್ಣಗೆ ಕತ್ತರಿಸಿದ ಜಾಗವಿರುತ್ತದೆ. ಅದಕ್ಕೆ ಗ್ರೀನ್ ಅಂತಲೇ ಇಡುತ್ತೇನೆ. ಅಲ್ಲಿ ಚೆಂಡನ್ನು ನೇರವಾಗಿ ಉರುಳಿಸಿದರೂ ನೆಲ ಓರೆಯಿದ್ದ ಕಡೆಗೆ ಅದು ತಿರುಗಿಬಿಡುತ್ತದೆ. ಇದಕ್ಕೆ ಆಟಗಾರರು ಬ್ರೇಕ್ ಅನ್ನುತ್ತಾರೆ. ಕನ್ನಡದಲ್ಲಿ ಬ್ರೇಕ್ ಅಂದರೆ ಬಸ್ಸು ನಿಲ್ಲುತ್ತದೆ. "ತಿರುವು" ಅಂತ ಬರೆದು ನೋಡಿದೆ, ಅದು ಚೆಂಡಿನದಾಯಿತು, ನೆಲದ್ದಾಗಲಿಲ್ಲ.

ಗಾರೆ ಕೆಲಸದವರ ಮಾತು ಇಲ್ಲಿ ಸರಿಯಾಗಿ ಹೊಂದುತ್ತದೆ ಅನ್ನಿಸುತ್ತದೆ. "ವಾಟ". ತಾರಸಿ ಹಾಕುವಾಗ, ಬಚ್ಚಲಿಗೆ ನೆಲ ಮಾಡುವಾಗ "ಆ ಮೂಲೆಗೆ ಸ್ವಲ್ಪ ವಾಟ ಕೊಡಿ, ನೀರು ನಿಲ್ಲಬಾರದು" ಅನ್ನುತ್ತೇವೆ. ಕಣ್ಣಿಗೆ ಮಟ್ಟಸವಾಗಿ ಕಂಡರೂ ನೀರಿಗೆ ಗೊತ್ತಾಗುವ ಓರೆ ಅದು. ಗ್ರೀನಿನ ಓರೆ ಇದೇ ಜಾತಿಯದು. "ವಾಟ ನೋಡಿ ಹೊಡಿ", "ವಾಟ ಎಡಕ್ಕಿದೆ" ಅಂದರೆ ಗಾಲ್ಫ್ ಕೋಲನ್ನೇ ಮುಟ್ಟದವನಿಗೂ ಅರ್ಥವಾಗುತ್ತದೆ.

ಹೊರಗಿನಿಂದ ಬಂದ ಆಟಗಾರರು ಬೆಟ್ಟದ ಮೈದಾನದಲ್ಲಿ ಹೆಚ್ಚಾಗಿ ಸೋಲುವುದು ಇಲ್ಲೇ. ಪಕ್ಕದಲ್ಲಿ ದೊಡ್ಡ ಬೆಟ್ಟದ ಓರೆ ಇದ್ದಾಗ ಕಣ್ಣು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಬೆಟ್ಟದಿಂದ ಆಚೆಗೆ ಇಳಿಯುವ ನೆಲ ಸಪಾಟಾಗಿ ಕಾಣುತ್ತದೆ. ಸಪಾಟಾದದ್ದು ಬೆಟ್ಟದ ಕಡೆಗೇ ಬಾಗಿದಂತೆ ಕಾಣುತ್ತದೆ. ಚೆಂಡು ಸಾಮಾನ್ಯವಾಗಿ ಬೆಟ್ಟದಿಂದ ದೂರಕ್ಕೇ ಹೋಗುತ್ತದೆ ಅನ್ನುವುದು ಹಳೆಯ ಆಟಗಾರರ ತಿಳುವಳಿಕೆ. ಇದನ್ನು ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: "ಇಲ್ಲಿ ಮಳೆ ಬಿದ್ದರೆ ನೀರು ಎತ್ತ ಹೋಗುತ್ತದೆ ಎಂದು ಯೋಚಿಸಿ. ವಾಟ ಅತ್ತಲೇ." ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆ ನೋಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಯಲುಸೀಮೆಯವರಿಗೆ ವಾಟ ಪರಿಚಯವೇ? ಕಲಬುರಗಿ, ರಾಯಚೂರಿನಲ್ಲಿ ಮೇಸ್ತ್ರಿಗಳು ಏನನ್ನುತ್ತಾರೆ?

ಚೆಂಡು ನೆಲದ ಮೇಲೆ ಇರುವ ಪರಿಗೆ ಲೈ ಅನ್ನುತ್ತಾರೆ. ಇದಕ್ಕೆ "ಸ್ಥಿತಿ", "ನೆಲೆ" ಅಂತೆಲ್ಲ ಹುಡುಕಿ ಕೊನೆಗೆ ಕೈಬಿಟ್ಟೆ. ಯಾಕೆಂದರೆ ಕನ್ನಡದಲ್ಲಿ ಇದಕ್ಕೆ ನಾಮಪದವೇ ಬೇಡ. "ಚೆಂಡು ಹೇಗೆ ಕೂತಿದೆ?" ಅಂದರೆ ಮುಗಿಯಿತು. ಹುಲ್ಲಿನ ಮೇಲೆ ಚೆನ್ನಾಗಿ ಕೂತಿದೆ, ಏರಿನಲ್ಲಿ ಕೂತಿದೆ, ಇಳಿಜಾರಿನಲ್ಲಿ ಕೂತಿದೆ, ಕಾಲಿಗಿಂತ ಮೇಲೆ ಕೂತಿದೆ. ಏರಿಗೆ ಮುಖ ಮಾಡಿ ಹೊಡೆದರೆ ಚೆಂಡು ಎತ್ತರಕ್ಕೆ ಎದ್ದು ಹತ್ತಿರದಲ್ಲೇ ಬೀಳುತ್ತದೆ. ಇಳಿಜಾರಿಗೆ ಹೊಡೆದರೆ ತಗ್ಗಿನಲ್ಲೇ ಹಾರಿ ಬಿದ್ದಮೇಲೆ ಉರುಳುತ್ತಾ ಹೋಗುತ್ತದೆ. ಬಲಗೈ ಆಟಗಾರನಿಗೆ ಚೆಂಡು ಕಾಲಿಗಿಂತ ಮೇಲಿದ್ದರೆ ಎಡಕ್ಕೆ ಎಳೆಯುತ್ತದೆ, ಕೆಳಗಿದ್ದರೆ ಬಲಕ್ಕೆ. ಇದಿಷ್ಟನ್ನೂ ಕ್ರಿಯಾಪದದಲ್ಲೇ ಬರೆದೆ, ಎಲ್ಲೂ ತಡವರಿಸಲಿಲ್ಲ. ನಮ್ಮ ಪಾರಿಭಾಷಿಕ ಪದಕೋಶಗಳು ಪ್ರತಿ ಇಂಗ್ಲಿಷ್ ನಾಮಪದಕ್ಕೂ ಒಂದು ನಾಮಪದ ಕಟ್ಟಲು ಹೋಗಿಯೇ ಸೊರಗುತ್ತವೆ ಅನ್ನುವುದು ನನ್ನ ಹಳೆಯ ದೂರು. ಅದನ್ನು ಇನ್ನೊಂದು ದಿನ ಎಳೆಯೋಣ.

ಎತ್ತರದ ವಿಷಯಕ್ಕೆ ಪದ ಬೇಕಿಲ್ಲ, ಒಂದು ಸಾಲು ಸಾಕು. ನಮ್ಮೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗೂ ಮೇಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಸಾವಿರ ಅಡಿಗೆ ಶೇಕಡ ಒಂದರಷ್ಟೋ ತುಸು ಹೆಚ್ಚೋ ಚೆಂಡು ಮುಂದೆ ಹೋಗುತ್ತದೆ. ಮಂಗಳೂರಿನಲ್ಲಿ 150 ಗಜ ಹೊಡೆಯುವವರಿಗೆ ಇಲ್ಲಿ ನಾಲ್ಕೈದು ಗಜ ಪುಕ್ಕಟೆ.

ಹಾದಿಯ ಆಚೀಚೆ ಬೆಳೆಯಲು ಬಿಟ್ಟ ಉದ್ದ ಹುಲ್ಲಿಗೆ ರಫ್ ಅನ್ನುತ್ತಾರೆ. "ಒರಟು" ಅಂತ ಖಂಡಿತ ಬರೆಯಲಾರೆ. ಕುರುಚಲು ಅನ್ನೋಣವೆಂದರೆ ಅದು ಗಿಡ್ಡದ್ದು, ಇಲ್ಲಿರುವುದು ಉದ್ದದ್ದು. ಕೊಪ್ಪ, ಶೃಂಗೇರಿ ಕಡೆ ದನ ಮೇಯಲು, ಹುಲ್ಲು ಕೊಯ್ಯಲು ಬಿಟ್ಟ ಜಾಗಕ್ಕೆ "ಬ್ಯಾಣ" ಅನ್ನುತ್ತಾರೆ. "ಚೆಂಡು ಬ್ಯಾಣಕ್ಕೆ ಹೋಯಿತು" ಅಂದರೆ ನಮ್ಮ ಕಡೆಯವರು ಪಕ್ಕನೆ ನಗುತ್ತಾರೆ, ಆದರೆ ಅರ್ಥವಂತೂ ಆಗುತ್ತದೆ. ಶಿರಸಿಯವರು "ಬೇಣ" ಅನ್ನಬಹುದು. ಇನ್ನೂ ಆಚೆಗೆ ದರೆಯಿಂದ ಕೆಳಗೆ ಹೋದರೆ ಚೆಂಡಿನ ಆಸೆ ಬಿಡುವುದೇ ವಾಸಿ. ಹುಡುಕಲು ಸಿಗುವುದು 3 ನಿಮಿಷ. ಮೊದಲು 5 ನಿಮಿಷ ಇತ್ತು, 2019ರಲ್ಲಿ ಇಳಿಸಿದರು. ಸಿಗದಿದ್ದರೆ ಹಿಂದೆ ಹೊಡೆದ ಜಾಗಕ್ಕೇ ವಾಪಸ್ ನಡೆದು, ಒಂದು ಹೊಡೆತದ ದಂಡ ಕಟ್ಟಿ, ಮತ್ತೆ ಹೊಡೆಯಬೇಕು. ಏರಿನಲ್ಲಿ ವಾಪಸ್ ನಡೆಯುವುದೇ ಅಸಲಿ ದಂಡ. ಬಂಕರಿಗೆ "ಮರಳುಗುಂಡಿ" ಸಾಕು. ತೋಟದವರೊಬ್ಬರು "ತೊಟ್ಟಿಲು ಗುಂಡಿ ಅನ್ನಿ" ಅಂತ ತಮಾಷೆ ಮಾಡಿದರು. ಕಾಫಿ ಸಾಲಿನ ನಡುವೆ ಮಳೆನೀರು ಹಿಡಿಯಲು, ಮಣ್ಣು ಕೊಚ್ಚಿ ಹೋಗದಂತೆ ತಡೆಯಲು ತೆಗೆಯುವ ಗುಂಡಿ ಅದು. ಅದನ್ನು ಅದರ ಪಾಡಿಗೆ ಬಿಡೋಣ.

ಇನ್ನು ದುಡ್ಡಿನ ಮಾತು. ಸದಸ್ಯರಲ್ಲದವರು ಒಂದು ದಿನದ ಆಟಕ್ಕೆ ಕೊಡುವುದು ಗ್ರೀನ್ ಫೀ. "ಹಸಿರು ಶುಲ್ಕ" ಅಂತ ಬರೆದರೆ ಹಳೆಯ ಗಾಡಿಗೆ ಕಟ್ಟುವ ಹಸಿರು ತೆರಿಗೆ ಅಂದುಕೊಂಡಾರು. "ಆಟದ ಶುಲ್ಕ" ಅಂತ ಮಾಡಿದ್ದೇನೆ. ಟೀ ಟೈಮಿನದು ಇದಕ್ಕಿಂತ ದೊಡ್ಡ ಗೋಳು. ಮೊದಲ ಹೊಡೆತಕ್ಕೆ ನಿಮಗೆ ಗೊತ್ತುಮಾಡಿದ ಹೊತ್ತು ಅದು. ಕಾಫಿ ಸೀಮೆಯಲ್ಲಿ ಕೂತು "ನಿಮ್ಮ ಟೀ ಟೈಮ್ ಬೆಳಗ್ಗೆ ಆರೂವರೆ" ಅಂತ ಬರೆದರೆ ಆರೂವರೆಗೆ ಅಡುಗೆಮನೆ ಮುಂದೆ ಜನ ನಿಲ್ಲುತ್ತಾರೆ. "ಸರದಿ ಹೊತ್ತು" ಹೇಗಿದೆ?

ಹ್ಯಾಂಡಿಕ್ಯಾಪ್ ಬಗ್ಗೆ ಜಗಳ ಆಗಬಹುದು, ಆದರೂ ಕೇಳುತ್ತೇನೆ. ಕಡಿಮೆ ಪಳಗಿದ ಆಟಗಾರ ಪಳಗಿದವನ ಜೊತೆ ಸಮಸಮ ಆಡಲಿ ಅಂತ ಅವನ ಒಟ್ಟು ಹೊಡೆತದಲ್ಲಿ ಇಂತಿಷ್ಟು ಅಂತ ಕಳೆಯುವ ಲೆಕ್ಕ ಅದು. 2020ರಿಂದ ಜಗತ್ತಿಗೆಲ್ಲ ಒಂದೇ ಪದ್ಧತಿ ಬಂದಿದೆ, ಗರಿಷ್ಠ 54. ಹೊಸ ಊರಿಗೆ ಹೋದ ಆಟಗಾರನನ್ನು ಕೌಂಟರಿನಲ್ಲಿ ಮೊದಲು ಕೇಳುವುದೇ "ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?" ಅಂತ. ಅನುವಾದದ ಯಂತ್ರಕ್ಕೆ ಕೊಟ್ಟರೆ "ನಿಮ್ಮ ಅಂಗವಿಕಲತೆ ಎಷ್ಟು?" ಅಂತ ಉಗುಳುತ್ತದೆ. ಅಂಗಡಿಯವರು ಬೆಲೆಯಲ್ಲಿ ಬಿಡುವ "ಸೋಡಿ" ನನಗೆ ಹಿಡಿಸಿದೆ. "ನಿಮಗೆ ಎಷ್ಟು ಸೋಡಿ?" "ಹದಿನೆಂಟು." ಮರಾಠಿಯಿಂದ ಬಂದದ್ದು ಅಂತ ಕೆಲವರು ಮೂಗು ಮುರಿಯಬಹುದು. ಮುರಿಯಲಿ, ಹ್ಯಾಂಡಿಕ್ಯಾಪೇನು ಕನ್ನಡದ್ದೇ?

ಕಡೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಚೆಂಡು ಬೇರೆಯವರ ಕಡೆ ಹಾರಿದರೆ "ಫೋರ್!" ಅಂತ ಕೂಗುತ್ತಾರೆ. ಕೇಳಿದವರು ತಲೆಗೆ ಕೈ ಅಡ್ಡ ಹಿಡಿದು ಬಗ್ಗಬೇಕು, ತಿರುಗಿ ನೋಡಬಾರದು. ಆದರೆ ಕನ್ನಡಿಗರ ಕಿವಿಗೆ ಫೋರ್ ಅಂದರೆ ಬೌಂಡರಿ. ತಿರುಗಿ ನೋಡುವುದಲ್ಲದೆ ಚಪ್ಪಾಳೆಯನ್ನೂ ಹೊಡೆದಾರು. ಅರ್ಥ ವಿವರಿಸಿ ಬರೆಯುವುದು ಸುಲಭ. ಆದರೆ ಗಾಬರಿಯಲ್ಲಿ ಒಂದೇ ಉಸಿರಿಗೆ ಬಾಯಿಗೆ ಬರುವ, ದೂರಕ್ಕೆ ಕೇಳಿಸುವ ಕನ್ನಡದ ಕೂಗು ಯಾವುದು? "ತಲೆ ತಲೆ!" ಅನ್ನುವುದಷ್ಟೇ ನನಗೆ ಹೊಳೆದಿದೆ. ಅದಕ್ಕಿಂತ ಒಳ್ಳೆಯದು ನಿಮ್ಮೂರಿನಲ್ಲಿ ಇದ್ದರೆ ಕಳಿಸಿ.