ಪದಚರ್ಚೆ: ಅಮೆರಿಕನ್ ಫುಟ್‌ಬಾಲಿನ ರೆಫರಿ, ಅಂಪೈರ್ ಇಬ್ಬರೂ ‘ತೀರ್ಪುಗಾರ’ರೇ?

ಗೆಳೆಯರೇ,

ಅಮೆರಿಕದಲ್ಲಿರುವ ಕನ್ನಡ ತಂದೆತಾಯಿಗಳಿಗಾಗಿ ಅಲ್ಲಿನ ಹೈಸ್ಕೂಲು ಫುಟ್‌ಬಾಲ್ ಬಗ್ಗೆ ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಹೆಲ್ಮೆಟ್ ಹಾಕಿಕೊಂಡು ಉದ್ದನೆಯ ಚೆಂಡು ಹಿಡಿದು ಓಡುವ ಆಟ. ತೀರ್ಪು ಕೊಡುವವರ ಪದಗಳಲ್ಲಿ ನಿಮ್ಮ ಸಹಾಯ ಬೇಕು.

ರೆಫರಿಗೂ ಅಂಪೈರಿಗೂ ನಾವು ‘ತೀರ್ಪುಗಾರ’ ಎಂದೇ ಬರೆಯುತ್ತೇವೆ. ಈ ಆಟದಲ್ಲಿ ಇಬ್ಬರೂ ಒಂದೇ ಮೈದಾನದಲ್ಲಿ ಇರುತ್ತಾರೆ. ಅಲ್ಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್ ಪಂದ್ಯದಲ್ಲಿ ಒಟ್ಟು 7 ಮಂದಿ: ರೆಫರಿ, ಅಂಪೈರ್, ಡೌನ್ ಜಡ್ಜ್, ಲೈನ್ ಜಡ್ಜ್, ಫೀಲ್ಡ್ ಜಡ್ಜ್, ಸೈಡ್ ಜಡ್ಜ್, ಬ್ಯಾಕ್ ಜಡ್ಜ್. ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ 5. ಎಲ್ಲಿ ನೋಡಿದರೂ ಮುಖ್ಯಸ್ಥರು ರೆಫರಿಯೇ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಉಲ್ಟಾ. ಅಲ್ಲಿ ಮೈದಾನದೊಳಗೆ ಅಂಪೈರ್ ಮಾತೇ ನಡೆಯುತ್ತದೆ, ಮ್ಯಾಚ್ ರೆಫರಿ ಹೊರಗೆ ಕೂತಿರುತ್ತಾರೆ. ಹಾಗಾಗಿ ಇಡೀ ತಂಡಕ್ಕೆ ‘ತೀರ್ಪುಗಾರರು’ ಎಂದು ಇಟ್ಟುಕೊಂಡು, ಒಬ್ಬೊಬ್ಬರಿಗೆ ರೆಫರಿ, ಅಂಪೈರ್ ಎಂದೇ ಉಳಿಸುವುದು ಒಳ್ಳೆಯದು ಅಂತ ನನಗನಿಸುತ್ತದೆ.

ಆಟ ನೋಡುವವರು ರೆಫರಿಯನ್ನು ಗುರುತಿಸುವುದು ಬಿಳಿ ಟೋಪಿಯಿಂದ. ಉಳಿದವರದು ಕಪ್ಪು. ಎನ್‌ಎಫ್‌ಎಲ್‌ನಲ್ಲಿ 1979ರಿಂದ ಕೆಲವು ವರ್ಷ ರೆಫರಿಗೆ ಕಪ್ಪು, ಉಳಿದವರಿಗೆ ಬಿಳಿ ಇತ್ತು. 1988ರಲ್ಲಿ ಅವರೇ ಕಾಲೇಜು, ಹೈಸ್ಕೂಲುಗಳ ಪದ್ಧತಿಗೆ ಬಂದರು. ದುಡ್ಡಿನ ಲೀಗು ಶಾಲೆಯ ಆಟದಿಂದ ಕಲಿತದ್ದು ನನಗೆ ತುಂಬಾ ಇಷ್ಟವಾದ ಸಂಗತಿ. ಆದರೆ ‘ಬಿಳಿ ಟೋಪಿಯವರು’ ಎಂದು ಬರೆದರೆ ನಮ್ಮ ಓದುಗರಿಗೆ ಗಾಂಧಿ ಟೋಪಿ ನೆನಪಾಗುತ್ತದೆ, ಅಲ್ವಾ? ‘ಬಿಳಿ ಕ್ಯಾಪ್’ ಸಾಕೇ?

ಅಂಗಿಯ ಮಾತು ಸುಲಭ. 1920ರಲ್ಲಿ ಮಿಶಿಗನ್‌ನ ಲಾಯ್ಡ್ ಓಲ್ಡ್ಸ್ ಎಂಬ ತೀರ್ಪುಗಾರರು ಬಿಳಿ ಅಂಗಿ ತೊಟ್ಟಿದ್ದರು. ಒಂದು ತಂಡದ್ದೂ ಬಿಳಿಯೇ. ಆಟಗಾರನೊಬ್ಬ ಗೊಂದಲಗೊಂಡು ಚೆಂಡನ್ನು ಅವರಿಗೇ ಕೊಟ್ಟ. ಆಮೇಲೆ ಅವರು ಕಪ್ಪು ಬಿಳಿ ಪಟ್ಟೆಗಳ ಅಂಗಿ ಹೊಲಿಸಿಕೊಂಡರು. ಅದೇ ಎಲ್ಲ ಕಡೆ ಹರಡಿತು. ‘ಗೆರೆ’ ಎಂದರೆ ತೆಳುವಾಯಿತು, ‘ಪಟ್ಟೆ ಅಂಗಿ’ಯೇ ಸರಿ.

ನನ್ನನ್ನು ಜಾಸ್ತಿ ಕಾಡುತ್ತಿರುವುದು ‘ಫ್ಲ್ಯಾಗ್’. ಬಾವುಟ ಎಂದರೆ ನಮಗೆ ಕೋಲಿಗೆ ಕಟ್ಟಿ ಹಾರಿಸುವುದು. ಇದು ಭಾರ ಇಟ್ಟ ಬಟ್ಟೆಯ ತುಂಡು. ತಪ್ಪು ಕಂಡ ಕೂಡಲೇ ಸೊಂಟದಿಂದ ಎಳೆದು ಎಸೆಯುತ್ತಾರೆ. ಮೊದಲೆಲ್ಲ ಪೀಪಿ ಊದುತ್ತಿದ್ದರು. ಗದ್ದಲದಲ್ಲಿ ಅದು ಕೇಳಿಸುತ್ತಿರಲಿಲ್ಲ. 1941ರಲ್ಲಿ ಓಹಾಯೋದ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡಿ ಬಟ್ಟೆ ಎಸೆಯುವ ಉಪಾಯ ತಂದರು. ಹಳೆಯ ಬಟ್ಟೆಯಿಂದ ಅದನ್ನು ಹೊಲಿದುಕೊಟ್ಟವರು ಅವರ ಹೆಂಡತಿ ಇರ್ಮಾ. ಎನ್‌ಎಫ್‌ಎಲ್ ಇದನ್ನು ತೆಗೆದುಕೊಂಡದ್ದು 1948ರಲ್ಲಿ. ಅಲ್ಲಿ ಮೊದಲು ಬಿಳಿ ಬಟ್ಟೆ, 1965ರಿಂದ ಹಳದಿ. ‘ಬಾವುಟ ತೋರಿಸಿದರು’ ಎಂದರೆ ಈ ಎಸೆತವೇ ಮಾಯವಾಗುತ್ತದೆ. ‘ಹಳದಿ ಬಟ್ಟೆ ಎಸೆದರು’ ಎಂದು ಸದ್ಯಕ್ಕೆ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ಹೇಳಿ.

ಇನ್ನೊಂದು. ಡೌನ್ ಜಡ್ಜ್‌ಗೆ ಎನ್‌ಎಫ್‌ಎಲ್‌ನಲ್ಲಿ 2017ರವರೆಗೆ ‘ಹೆಡ್ ಲೈನ್ಸ್‌ಮನ್’ ಎನ್ನುತ್ತಿದ್ದರು. ಅಷ್ಟರಲ್ಲಿ ಸಾರಾ ಥಾಮಸ್ ಎಂಬ ಮಹಿಳೆ 2015ರಿಂದಲೇ ಅಲ್ಲಿ ಕೆಲಸ ಮಾಡುತ್ತಿದ್ದರು. 2021ರ ಸೂಪರ್ ಬೌಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಫೈನಲ್‌ನಲ್ಲಿ, ಅವರೇ ಡೌನ್ ಜಡ್ಜ್. ಅವರ ಬಗ್ಗೆ ಬರೆಯುವಾಗ ‘ತೀರ್ಪುಗಾರ’ ಒಗ್ಗುವುದಿಲ್ಲ. ‘ತೀರ್ಪುಗಾರ್ತಿ’ ಎಂಬುದು ನಿಮ್ಮ ಕಡೆ ಬಳಕೆಯಲ್ಲಿದೆಯೇ, ಅಥವಾ ‘ತೀರ್ಪುಗಾರರು’ ಎಂಬ ಬಹುವಚನದಲ್ಲೇ ಇಬ್ಬರನ್ನೂ ಕರೆಯುತ್ತೀರಾ?