ತಮ್ಮನ ವರ್ಷದ ಪುಣ್ಯತಿಥಿ, ಫ್ಲೆಕ್ಸ್ ಬಿಟ್ಟು ಏನ್ ಮಾಡ್ಬಹುದು ಹೇಳ್ರಿ

ಸೇಡಂ ಅಕ್ಕ:
ಎಲ್ಲಾರಿಗೂ ಶರಣು. ನಮ್ ತಮ್ಮ ಹೋಗಿ ಮುಂದಿನ ತಿಂಗಳಿಗಿ ವರ್ಷ ಆಗ್ತದ. 20 ವರ್ಷ ಇತ್ತು, ಕಲಬುರಗಿನಾಗ ಡಿಪ್ಲೊಮಾ ಕೊನೀ ವರ್ಷ, ಗಾಡಿ ಮ್ಯಾಲ ಊರಿಗಿ ಬರೋವಾಗ ಆಯ್ತು, ಅದನ್ನ ಮತ್ತ ಬರಿಯಂಗಿಲ್ಲ. ಅವನ ದೋಸ್ತರು ಎಲ್ಲಾ ಸೇರಿ 40 ಸಾವಿರ ಕೂಡ್ಸ್ಯಾರ. ಕಾಕಾ ಅಂತಾನ ಸರ್ಕಲ್‌ನಾಗ ದೊಡ್ಡ ಫ್ಲೆಕ್ಸ್ ಹಾಕ್ಸಿ ಊರಿಗೆಲ್ಲ ಊಟ ಹಾಕೋಣು ಅಂತ. ಅವ್ವ ಒಂದೇ ಮಾತು, ಊಟ ಬೇಕಾರ ಹಾಕ್ರಿ ಫ್ಲೆಕ್ಸ್ ಬ್ಯಾಡ, ಬಿಸಲಿಗಿ ಎಂಟ್ ದಿನದಾಗ ಬಣ್ಣ ಹೋಗ್ತದ, ನನ್ ಮಗನ ಮಾರಿ ಬೆಳ್ಳಗಾಗೋದು ನಾ ನೋಡಂಗಿಲ್ಲ ಅಂತಾಳ. ಏನ್ ಮಾಡಿದ್ರ ಛಲೋ? ನೀವ್ ಯಾರರೆ ಇಂಥಾದ್ ಮಾಡಿದ್ರ ಹೇಳ್ರಿ.

ಬೀದರ್ ಬಂದಾ:
ಅಕ್ಕಾ, ರಕ್ತದಾನ ಕ್ಯಾಂಪ್ ಮಾಡ್ರಿ, ಖರ್ಚೂ ಭಾಳ ಇಲ್ಲ, ಬ್ಲಡ್ ಬ್ಯಾಂಕಿನವ್ರೇ ಸಾಮಾನು ಡಾಕ್ಟರ್ ಎಲ್ಲಾ ತರ್ತಾರ, ನೀವು ಜಾಗ, ಫ್ಯಾನು, ಬಿಸ್ಕೀಟು ನೋಡ್ಕೋಬೇಕು ಅಷ್ಟೇ. ಆದ್ರ ಒಂದ್ ಮಾತು, 18 ತುಂಬಿರ್ಬೇಕು, 45 ಕೆಜಿ ಮ್ಯಾಲ ಇರ್ಬೇಕು, ಹಿಮೋಗ್ಲೋಬಿನ್ 12.5 ಇರ್ಬೇಕು. ನಮ್ ಓಣ್ಯಾಗ ಮಾಡಿದಾಗ ಖಾಲಿ ಹೊಟ್ಟೀಲೆ ಬಂದು ಇಬ್ರು ಹುಡುಗ್ರು ಧಪ್ಪಂತ ಬಿದ್ರು, ಆಮ್ಯಾಲ ಉಪ್ಪಿಟ್ಟು ತಿಂದವ್ರಿಗೇ ಚೀಟಿ ಅಂತ ರೂಲ್ ಮಾಡಿದ್ವಿ. ಮತ್ತ ಒಂದೇ ದಿನ ನೂರ್ ಮಂದಿ ಕೊಡಬ್ಯಾಡ್ರಿ, ರಕ್ತ 35 ರಿಂದ 42 ದಿನ ಅಷ್ಟೇ ಇಡ್ತಾರ. ಥಲಸ್ಸೀಮಿಯಾ, ಅಂದ್ರ ಹುಟ್ಟಿನಿಂದ್ಲೇ ಮೈಯಾಗ ರಕ್ತ ಸರಿಯಾಗಿ ಆಗ್ದಿರೋ ರೋಗ, ಅದು ಇರೋ ಹುಡುಗರಿಗಿ ಎರಡು-ನಾಕು ವಾರಕ್ಕೊಮ್ಮೆ ಬೇಕಾಗ್ತದ, ವರ್ಷಕ್ಕೊಮ್ಮೆ ಅಲ್ಲ. ಗಂಡಸ್ರು ಮೂರ್ ತಿಂಗ್ಳಿಗಿ ಒಮ್ಮೆ ಕೊಡ್ಬಹುದು, ಹೆಣ್ಮಕ್ಳು ನಾಕ್ ತಿಂಗ್ಳಿಗಿ. ದೋಸ್ತರನ್ನ ನಾಕ್ ಗುಂಪು ಮಾಡಿ ಸರದಿ ಹಚ್ರಿ, ಬ್ಯಾಸಗಿ ರಜಾದಾಗ ಕಾಲೇಜ್ ಹುಡುಗ್ರು ಸಿಗಂಗಿಲ್ಲ, ರಕ್ತ ಕಮ್ಮಿ ಬೀಳ್ತದ, ಒಂದ್ ಗುಂಪು ಆವಾಗ ಕೊಡ್ಲಿ.

ಯಾದಗಿರಿ ಬಿಸಲು:
ಅರವಟಿಗಿ ಮಾಡ್ರಿ ಅಂತ ಎಲ್ಲಾರೂ ಹೇಳ್ತಾರ, ನಾವೂ ಮಾಡಿದ್ವಿ, ಬಸ್ ಸ್ಟ್ಯಾಂಡ್ ಹತ್ರ ಐದ್ ಮಣ್ಣಿನ ಕೊಡ, ಕೆಂಪ್ ಅರಬಿ ಸುತ್ತಿ, ಸ್ಟೀಲ್ ಗ್ಲಾಸಿಗಿ ಸರಪಳಿ. ಮೊದಲ್ನೇ ವಾರ ಫೋಟೋ ತೆಗಿಯೋರೇ ಹತ್ ಮಂದಿ, ಮೂರ್ನೇ ವಾರ ನೀರ್ ತುಂಬೋರು ನಾ ಒಬ್ನೇ. 43 ಡಿಗ್ರಿ ಬಿಸಲಾಗ ಖಾಲಿ ಕೊಡ ನೋಡಿದ್ ಮುದುಕಿ ಬೈದ್ ಬೈಗುಳ ಇನ್ನೂ ಕಿವ್ಯಾಗ ಅದಾವ. ದಿನಾ ಮುಂಜಾನಿ ತುಂಬೋರ್ ಇದ್ರ ಮಾಡ್ರಿ, ಇಲ್ಲಂದ್ರ ಬ್ಯಾಡ.

ಜಗತ್ ಸರ್ಕಲ್ ಕಾಕಾ:
ತಂಗೀ, ಊಟದ್ ಮಾತಿಗಿ ಹೇಳ್ತೀನಿ, ನಮ್ ಕಲಬುರಗಿ ಶರಣಬಸಪ್ಪನ ಗುಡ್ಯಾಗ ದಾಸೋಹ ಯಾವಾಗ್ಲೂ ನಡದೇ ಇರ್ತದ, ಅಲ್ಲಿಗಿ ಒಂದ್ ಚೀಲ ಜೋಳ, ತೊಗರಿ ಬ್ಯಾಳಿ ಕೊಟ್ರೂ ಮುಟ್ತದ, ನಿಮ್ ಕಾಕಾಗೂ ಸಮಾಧಾನ. ಉಳಿದ್ ರೊಕ್ಕ ಬ್ಯಾಂಕಿನಾಗ ಇಟ್ರ ವರ್ಷಕ್ಕ ಒಂದಿಷ್ಟು ಬಡ್ಡಿ ಬರ್ತದ, ಒಂದಿಬ್ರು ಹುಡುಗ್ರ ಪರೀಕ್ಷಾ ಫೀಸಿಗಿ ಆಗ್ತದ. ಅದಿರ್ಲಿ, ನಿಮ್ ತಮ್ಮ ಏನ್ ಮಾಡ್ತಿದ್ದ, ಏನಂದ್ರ ಖುಷಿ ಅವಂಗ? ಅದು ಯಾರೂ ಕೇಳ್ಲೇ ಇಲ್ಲಲ್ಲ.

ಸೇಡಂ ಅಕ್ಕ:
ಕಾಕಾ ನೀವ್ ಕೇಳಿದ್ದಕ್ಕ ಬರಿಲಕತ್ತೀನಿ. ಅವ ಹೋದ್ ಮೂರ್ ತಿಂಗ್ಳಿಗಿ ಒಬ್ಬ ಮುತ್ಯಾ ಮನಿಗಿ ಬಂದ, ಕೈಯಾಗ ಪ್ಲಾಸ್ಟಿಕ್ ಕವರ್, ಅದ್ರಾಗ ಮೊಮ್ಮಗಳ ಮಾರ್ಕ್ಸ್ ಕಾರ್ಡ್, ತಮ್ಮ ಅದಾನೇನವ್ವಾ ಫಾರ್ಮ್ ತುಂಬ್ಸೋದಿತ್ತು ಅಂದ. ತಮ್ಮ ಹೋಗಿದ್ದು ಮುತ್ಯಾಗ ಗೊತ್ತೇ ಇದ್ದಿಲ್ಲ. ಆಮ್ಯಾಲ ಇನ್ನೂ ಐದಾರ್ ಮಂದಿ ಬಂದ್ರು. ಶನಿವಾರ ಊರಿಗಿ ಬಂದಾಗ ಗುಡಿ ಕಟ್ಟಿ ಮ್ಯಾಲ ಕುಂತು ಸ್ಕಾಲರ್‌ಶಿಪ್, 371ಜೆ ಸರ್ಟಿಫಿಕೇಟ್ (ನಮ್ ಕಲ್ಯಾಣ ಕರ್ನಾಟಕದವ್ರಿಗಿ ಸೀಟು, ನೌಕರಿ ಮೀಸಲಾತಿದು), ಪಿಂಚಣಿ ಅರ್ಜಿ ಎಲ್ಲಾ ಅವನ ಮೊಬೈಲಿನಾಗೇ ತುಂಬಿ ಕೊಡ್ತಿದ್ನಂತ, ಒಂದ್ ರೂಪಾಯಿ ತೊಗೊಂಡಿಲ್ಲ. ನಮಗ ಬ್ಯಾಟಿಂಗ್ ಆಡ್ಲಕ್ಕ ಹೋಗ್ಯಾನ ಅಂತ ಅನ್ಸಿತ್ತು. ಅವನ ನೋಟ್‌ಬುಕ್ಕಿನಾಗ ಹೆಸರು, ಆರ್‌ಡಿ ನಂಬರ್ (ಜಾತಿ-ಆದಾಯ ಸರ್ಟಿಫಿಕೇಟಿನ ಮ್ಯಾಲ ಇರೋದು), ಕೆಲಸ ಆದದ್ದಕ್ಕ ಪಕ್ಕದಾಗ ಟಿಕ್. ಹನ್ನೊಂದಕ್ಕ ಟಿಕ್ ಇಲ್ಲ.

ಬೀದರ್ ಬಂದಾ:
ಅಕ್ಕಾ ಕ್ಯಾಂಪ್ ಗಿಂಪ್ ಆಮ್ಯಾಲ ನೋಡೋಣು. ಮೊದಲ ಆ ಹನ್ನೊಂದ್ ಮಂದಿಗಿ ಫೋನ್ ಮಾಡ್ರಿ.

ಜಗತ್ ಸರ್ಕಲ್ ಕಾಕಾ:
ನಾ ತಾಲೂಕ ಆಫೀಸಿನಾಗ ಇದ್ದು ರಿಟೈರ್ ಆದಾಂವ, ಭಾನುವಾರ ಬಂದು ಕುಂದ್ರುತೀನಿ. ಭಾಳ ಅರ್ಜಿ ಎಲ್ಲಿ ಕೆಡ್ತಾವ ಅಂದ್ರ ಆಧಾರಿನಾಗ ಹೆಸರು ಒಂದು, ಮಾರ್ಕ್ಸ್ ಕಾರ್ಡಿನಾಗ ಇನ್ನೊಂದು ಇರ್ತದ. ಇಲ್ಲಂದ್ರ ಆಧಾರ್ ಬ್ಯಾಂಕ್ ಖಾತೆಗಿ ಜೋಡಿಸಿರಂಗಿಲ್ಲ, ಮಂಜೂರಾದ್ರೂ ರೊಕ್ಕ ಬೀಳಂಗಿಲ್ಲ. ಜಾತಿ-ಆದಾಯದ್ ಸರ್ಟಿಫಿಕೇಟ್ ಹಳೀದಾಗಿದ್ರ ಮೊದಲ ಅದನ್ನ ಮಾಡ್ಸಬೇಕು. 371ಜೆ ಸರ್ಟಿಫಿಕೇಟ್ ಎಸಿ (ಅಸಿಸ್ಟಂಟ್ ಕಮಿಷನರ್) ಆಫೀಸಿಂದ ಬರೋತನ ದಿನ ಹಿಡಿತದ, ಕಾಲೇಜ್ ಸೀಟಿನ ಕೌನ್ಸೆಲಿಂಗ್ ಹೊತ್ತಿಗಿ ಓಡಿದ್ರ ಆಗಂಗಿಲ್ಲ. 40 ಸಾವಿರದಾಗ ಒಂದ್ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಸಾದಾ ಪ್ರಿಂಟರ್ ಬರ್ತದ ನೋಡ್ರಿ.

ಸೇಡಂ ಅಕ್ಕ:
ಅವ್ವಗ ಓದಿ ಹೇಳಿದೆ. ಏನೂ ಅನ್ಲಿಲ್ಲ, ಒಳಗ್ ಹೋಗಿ ಅವನ ಚಾರ್ಜರ್ ಹುಡಕ್ಲಕತ್ತಾಳ. ದೋಸ್ತರೊಳಗ ಇಬ್ರು ಬರ್ತೀವಿ ಅಂದಾರ. ಕಾಕಾ, ಭಾನುವಾರ 10 ಗಂಟಿಗಿ ಗುಡಿ ಕಟ್ಟಿ, ಊಟ ನಮ್ ಮನ್ಯಾಗೇ, ರೊಟ್ಟಿ ಝುಣಕ ಮಾಡ್ತೀವಿ.

ಯಾದಗಿರಿ ಬಿಸಲು:
ಪಾಸ್‌ಬುಕ್ ಝೆರಾಕ್ಸ್ ತರ್ರಿ ಅಂತ ಶನಿವಾರ ಸಂಜಿಗೇ ಗುಡಿ ಮೈಕಿನಾಗ ಹೇಳಸ್ರಿ, ಅರ್ಧ ಮಂದಿ ಅದನ್ನೇ ಬಿಟ್ ಬರ್ತಾರ. ಮತ್ತ ಒಂದ್ ಕೊಡ ನೀರ್ ಇಡ್ರಿ ಬಾಜೂಕ, ತುಂಬ್ಲಕ್ಕ ಮಂದಿ ಹ್ಯಾಂಗೂ ಇರ್ತಾರಲ್ಲ.